ಮೇಲಿನ ಸಾ ಯಾರದು

ಕ್ಷಮಿಸುವುದು ನನಗೆ ಬರುವುದಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ದಿನಕ್ಕೆ ನಾಲ್ಕು ಸಲ "ಹೋಗ್ಲಿ ಬಿಡು, ಅವನೂ ನಿನ್ನ ಗೆಳ್ಯಾನ ಅಲ್ಲೇನು" ಎಂದು ಬುದ್ಧಿ ಹೇಳುತ್ತೇನೆ. ಮನೆಗೆ ಬಂದು ಎಂದೋ ಯಾರೋ ಆಡಿದ ಮಾತು ನೆನೆದು ಹಲ್ಲು ಕಡಿಯುತ್ತೇನೆ. ಹಾನಗಲ್ಲಿನ ಪ್ರಾಥಮಿಕ ಶಾಲೆಯೊಂದರಲ್ಲಿ ಅಕ್ಕೋರು ನಾನು. ಶಾಲೆ ಬಿಟ್ಟ ಮೇಲೆ ಮತ್ತು ರಜೆಯ ದಿನಗಳಲ್ಲಿ ಹದಿನೆಂಟು ವರ್ಷ ಒಬ್ಬ ಗವಾಯಿಗಳಿಗೆ ಪೇಟಿ ಬಾರಿಸಿದೆ. ಪೇಟಿ ಅಂದರೆ ಹಾರ್ಮೋನಿಯಂ. ನಮ್ಮ ಕಡೆ ಹಾರ್ಮೋನಿಯಂ ಅನ್ನುವುದು ಕರಪತ್ರದಲ್ಲಿ ಮಾತ್ರ. ಗವಾಯಿಗಳು ಶಿಗ್ಗಾಂವಿಯವರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮರ್ಯಾದೆಗಾಗಿ ಅಲ್ಲ, ಅದೇ ಕರಪತ್ರಗಳಲ್ಲಿ ಅದು ದಪ್ಪ ಅಕ್ಷರದಲ್ಲಿ ಅಚ್ಚಾದದ್ದು ಸಾಕು ಅನ್ನಿಸಿದೆ.

ಒಂದು ಕಾಲಕ್ಕೆ ಅವರ ಕಂಠ ಬಲು ಚೆನ್ನಾಗಿತ್ತು. ಅದರ ಬಗ್ಗೆ ಸುಳ್ಳು ಹೇಳಲಾರೆ. ಆಮೇಲೆ ಗಂಟಲ ಬೇನೆಯಾಗಿ ಎರಡು ತಿಂಗಳು ಮಲಗಿ ಎದ್ದರು. ಎದ್ದ ಮೇಲೆ ಉಳಿದೆಲ್ಲ ಸ್ವರ ಮರಳಿ ಬಂದವು, ಮೇಲಿನ ಸಾ ಒಂದು ಬರಲಿಲ್ಲ. ಬಂಕಾಪುರದ ಒಂದು ಸಭೆಯಲ್ಲಿ ಅದು ನನಗೆ ಗೊತ್ತಾಯಿತು. ನೀ ಸ್ವರದ ತನಕ ಏರಿದರು, ಬಾಯಿ ತೆರೆದರು, ಮುಂದೆ ದನಿಯೇ ಇಲ್ಲ. ಎದುರಿಗೆ ಜನ ಕತ್ತು ಚಾಚಿ ಕಾಯುತ್ತಿದ್ದಾರೆ. ನನಗೆ ಜೀವ ಚುರ್ ಎಂದಿತು. ಎಡಗೈಯಿಂದ ಗಾಳಿಯ ತಿದಿಯನ್ನು ಜೋರಾಗಿ ಒತ್ತಿ, ಪೇಟಿಯ ಮೇಲಿನ ಸಾ ಹಿಡಿದು ನಿಲ್ಲಿಸಿದೆ. ಗವಾಯಿಗಳು ಮೈಕಿನಿಂದ ಒಂದು ಗೇಣು ಹಿಂದೆ ಸರಿದು, ಕೈಯನ್ನು ಮೇಲಕ್ಕೆತ್ತಿ, ಕಣ್ಣು ಮುಚ್ಚಿದರು. ಜನ "ವಾಹ್" ಎಂದರು.

ಅಂದು ಹಿಂದಿರುಗುವಾಗ ಕಾರಿನಲ್ಲಿ ಒಂದು ಮಾತು ಆಡುತ್ತಾರೆಂದುಕೊಂಡಿದ್ದೆ. ಆಡಲಿಲ್ಲ. ಮುಂದಿನ ಸಭೆಯಲ್ಲಿ ನೀ ಬಂದಾಗ ಎಡಗೈಯಿಂದ ಶಾಲನ್ನು ಹೆಗಲ ಮೇಲೆ ಸರಿಪಡಿಸಿಕೊಂಡು ನನ್ನ ಕಡೆ ನೋಡಿದರು. ನಾನು ಸಾ ಕೊಟ್ಟೆ. ಅದೇ ವಾಡಿಕೆಯಾಯಿತು. ಶಾಲು ಸರಿದರೆ ಸಾ. ಹೀಗೆ ಹನ್ನೊಂದು ವರ್ಷ. ಈ ವಯಸ್ಸಿನಲ್ಲೂ ತಾರ ಷಡ್ಜದಲ್ಲಿ, ಅಂದರೆ ಮೇಲಿನ ಸಾದಲ್ಲಿ, ಹೇಗೆ ನಿಲ್ಲುತ್ತಾರೆ ನೋಡಿ ಎಂದು ಪತ್ರಿಕೆಯಲ್ಲಿ ಬರೆದರು. ಸನ್ಮಾನ ಮಾಡಿದರು, ಪೇಟ ತೊಡಿಸಿದರು. ನಮ್ಮಿಬ್ಬರ ನಡುವೆ ಆ ಸ್ವರದ ಬಗ್ಗೆ ಒಂದು ಅಕ್ಷರ ಮಾತು ನಡೆಯಲಿಲ್ಲ. ನನಗೆ ಪೇಟ ಬೇಕಿರಲಿಲ್ಲ. ಒಂದು ಸಲ, ಬೇರೆ ಯಾರೂ ಇಲ್ಲದಾಗಲಾದರೂ ಸರಿ, "ಅದು ನಿಂದು" ಎಂದು ಅವರ ಬಾಯಿಂದ ಕೇಳಬೇಕಿತ್ತು.

ಅದರ ಬದಲು ಕೇಳಿದ್ದು ಬೇರೆ. ಎರಡು ವರ್ಷದ ಹಿಂದೆ ಹಿರೇಕೆರೂರಿನ ಸಂಗೀತ ಸಭೆಯವರು ಗವಾಯಿಗಳನ್ನು ಕರೆಯಲು ಶಿಗ್ಗಾಂವಿಗೆ ಬಂದಿದ್ದರು. ನಾನು ಪಡಸಾಲೆಯಲ್ಲಿ ಕೂತು ಪೇಟಿ ಒರೆಸುತ್ತಿದ್ದೆ. ಬಂದವರಲ್ಲಿ ಹಿರಿಯರೊಬ್ಬರು, "ಈ ಸಲ ಅಕ್ಕೋರದೂ ಕಾಲ್ ತಾಸು ಒಬ್ಬರದ ಇಡೋಣೇನ್ರಿ? ಪೇಟಿ ಸೋಲೋ ನಮ್ಮ ಕಡೆ ಯಾರೂ ಕೇಳಿಲ್ಲ" ಎಂದರು. ಗವಾಯಿಗಳು ನಕ್ಕರು.

"ಆಕಿ ಒಬ್ಬಾಕಿನ ಏನ್ ಬಾರಸ್ತಾಳ್ರಿ? ಪೇಟಿ ಅಂದ್ರ ನೆರಳು. ಮನಷ್ಯಾನ ಇಲ್ಲಂದ್ರ ನೆರಳು ಎಲ್ಲಿಂದ ಬರಬೇಕು? ಹೌದಿಲ್ಲೋ ತಂಗಿ?"

"ಹೌದ್ರಿ ಗುರುಗಳ" ಎಂದೆ. ಎಂದದ್ದಷ್ಟೇ ಅಲ್ಲ, ನಕ್ಕೆ ಕೂಡ. ಎಲ್ಲರೂ ಚಹಾ ಕುಡಿದರು. ಆ ನಗುವಿಗೆ ನನ್ನನ್ನೂ ನಾನು ಕ್ಷಮಿಸಿಲ್ಲ, ಅವರ ಮಾತು ಹಾಗಿರಲಿ.

ಆ ವರ್ಷ ಮಳೆಗಾಲಕ್ಕೆ ಪೇಟಿ ಕೆಟ್ಟಿತು. ಹಾನಗಲ್ಲಿನ ಮಳೆಗೆ ಮರ ಉಬ್ಬಿ ಪೇಟಿಯ ಕೀಲಿಗಳು ಕಚ್ಚಿಕೊಳ್ಳುವುದು ಇದ್ದದ್ದೇ, ಆದರೆ ಈ ಸಲ ಮೇಲಿನ ಸಾ ಇಳಿದು ಹೋಗಿತ್ತು. ಸವಣೂರಿನಲ್ಲಿ ಒಬ್ಬರು ಪೇಟಿ ರಿಪೇರಿ ಮಾಡುತ್ತಾರೆಂದು ಗವಾಯಿಗಳ ತಬಲಾದವರು ಹೇಳಿದರು. ಭಾನುವಾರ ಬಸ್ಸಿನಲ್ಲಿ ಪೇಟಿಯನ್ನು ತೊಡೆಯ ಮೇಲಿಟ್ಟುಕೊಂಡು ಹೋದೆ. ಅಂಗಡಿಯಲ್ಲಿ ಅರವತ್ತು ದಾಟಿದ ಸಾಬರು. ಎಲ್ಲರೂ ಚಾಚಾ ಎನ್ನುತ್ತಿದ್ದರು, ನಾನೂ ಅಂದೆ. ಅವರು ಪೇಟಿ ಬಿಚ್ಚಿ, ಸ್ವರದ ಹಿತ್ತಾಳೆ ಪಟ್ಟಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಒಂದನ್ನು ಉಗುರಿನಿಂದ ಮೀಟಿ, ಮತ್ತೆ ಬೆಳಕಿಗೆ ಹಿಡಿದರು.

"ಅಕ್ಕೋರ, ನೀವು ಹಾಡವ್ರ ಹಿಂದ ಸಾಥಿ ಬಾರಸ್ತೀರಿ ಅಂದ್ರಿ?"

"ಹೌದ್ರಿ."

"ಸಾಥಿ ಬಾರಸೋರ ಪೇಟ್ಯಾಗ ನಡುವಿನ ಸಾ ದಣೀತೈತಿ. ನಿಮ್ಮದರಾಗ ಮ್ಯಾಲಿನ ಸಾ ದಣದೈತಿ. ಇಷ್ಟು ಗಾಳಿ ಕೊಟ್ಟು ಒತ್ತೀರಂದ್ರ, ನೀವು ಯಾರದೋ ಬಾಯಾಗ ಹಾಡಾಕತ್ತೀರಿ."

ಹನ್ನೊಂದು ವರ್ಷದಲ್ಲಿ ಮುಂದಿನ ಸಾಲಿನ ಯಾವ ರಸಿಕರಿಗೂ ತಿಳಿಯದ್ದು ಈ ಮನುಷ್ಯನಿಗೆ ಒಂದು ಹಿತ್ತಾಳೆ ಚೂರಿನಿಂದ ತಿಳಿಯಿತು. ನನಗೆ ಅಳು ಬಂತು. ಅಂಗಡಿಯಲ್ಲಿ ಗಿರಾಕಿಗಳಿದ್ದರು, ಆದರೂ ಅತ್ತೆ. ಚಾಚಾ ನೋಡದವರಂತೆ ಎದ್ದು ಹೋಗಿ ಫೋನನ್ನು ಸಣ್ಣ ಸ್ಪೀಕರಿಗೆ ಜೋಡಿಸಿದರು. "ಸುರ್ ಕೂಡ್ಸಾಕ ಒಂದ್ ತಾಸು ಬೇಕು. ಅಲ್ಲೀತನಕ ಇದನ್ನ ನೋಡ್ರಿ. ಪುಣೆದಾಗ ಪಿಯಾನೋ ರಿಪೇರಿ ಅಂಗಡ್ಯಾಗ ಏಳು ವರ್ಷ ದುಡದೇನಿ. ಅಲ್ಲಿ ಹತ್ತಿದ ಚಟಾ ಇದು."

ಫೋನಿನಲ್ಲಿ ಐದು ಜನ. ಪಿಯಾನೋ, ವಯಲಿನ್, ಅದಕ್ಕಿಂತ ತುಸು ದೊಡ್ಡದಾದ ವಯೋಲಾ, ಕಾಲ ನಡುವೆ ಹಿಡಿಯುವ ಚೆಲ್ಲೊ, ನಿಂತೇ ಬಾರಿಸಬೇಕಾದ ಆಳೆತ್ತರದ ಡಬಲ್ ಬಾಸ್. ಇದು ವಿಚಿತ್ರ ಸಂಸಾರ ಎಂದರು ಚಾಚಾ. ಇಂಥ ಐವರಲ್ಲಿ ಸಾಮಾನ್ಯವಾಗಿ ಎರಡು ವಯಲಿನ್ ಇರುತ್ತವಂತೆ; ಇಲ್ಲಿ ಒಂದನ್ನು ತೆಗೆದು ಈ ದೊಡ್ಡ ಹೊಟ್ಟೆಯದನ್ನು ತಂದಿದ್ದಾರೆ. ಕೆಳಗಿನ ಭಾರವನ್ನು ಅದು ಹೊತ್ತುಕೊಂಡದ್ದರಿಂದ ಪಿಯಾನೋಕ್ಕೆ ನೆಲ ಕಾಯುವ ಕೆಲಸವಿಲ್ಲ, ಮೇಲೆ ಆಡಿಕೊಂಡಿರಬಹುದು. ನಾನು ಅದಕ್ಕೆ ಅಷ್ಟಾಗಿ ಕಿವಿಗೊಡಲಿಲ್ಲ. ಬೇರೆಯೇ ಹುಡುಕುತ್ತಿದ್ದೆ.

"ಇದರಾಗ ಗವಾಯಿ ಯಾರ್ರಿ ಚಾಚಾ?"

"ನಾನೂ ಮೊದಲ ಹಂಗ ಹುಡುಕಿದ್ನಿರಿ. ಯಾರೂ ಇಲ್ಲ."

"ಮತ್ತ ಸಾಥಿ ಯಾರು?"

"ಅದೂ ಯಾರೂ ಇಲ್ಲ."

ನಂಬಲಿಲ್ಲ. ಐದು ಜನ ಕೂತ ಮೇಲೆ ಒಬ್ಬರು ಮುಂದೆ, ನಾಲ್ವರು ಹಿಂದೆ ಇರಲೇಬೇಕು ಎಂದು ನನ್ನ ಲೆಕ್ಕ. ಪಿಯಾನೋದ ಪಕ್ಕದಲ್ಲಿ ಒಬ್ಬ ಹೆಂಗಸು ಇದ್ದಳು. ಆಗಾಗ ಎದ್ದು ಸ್ವರ ಬರೆದ ಹಾಳೆ ತಿರುವುವುದು, ಮತ್ತೆ ಕೂಡ್ರುವುದು. ಕೊನೆಗೆ ಐವರೂ ಎದ್ದು ನಮಸ್ಕರಿಸಿದಾಗ ಅವಳು ಮಾತ್ರ ಕೂತೇ ಇದ್ದಳು. "ಇಕಿ ನಾನು" ಎಂದು ಬೆರಳು ತೋರಿಸಿದೆ. ಚಾಚಾ ಕತ್ತು ಅಲ್ಲಾಡಿಸಿದರು. "ಅಲ್ರಿ. ಆಕಿಗೆ ತನ್ನ ಕೆಲಸಾ ಏನಂತ ಗೊತ್ತೈತಿ." ಆ ಮಾತಿಗೆ ನನಗೆ ಸಿಟ್ಟು ಬಂತು. ಮುಂದಿನ ಭಾನುವಾರ ಬರುವುದೇ ಇಲ್ಲವೆಂದುಕೊಂಡು ಮನೆಗೆ ಹೋದೆ.

ಮುಂದಿನ ಭಾನುವಾರ ಹೋದೆ. ಅದರ ಮುಂದಿನದೂ. ಪೇಟಿ ರಿಪೇರಿ ಎಂದೋ ಮುಗಿದಿತ್ತು. ಚಾಚಾನಿಗೆ ಇಂಥ ಅಡ್ನಾಡಿ ಜೋಡಿಗಳನ್ನು ಹುಡುಕುವ ಹುಚ್ಚು. ಪಿಯಾನೋದ ಜೊತೆ ಎರಡು ಚೆಲ್ಲೊ. ಪಿಯಾನೋದ ಜೊತೆ ಬರೀ ವಯೋಲಾ, ಅದಕ್ಕೆ ನೆಗಡಿಯಾದ ಹೆಂಗಸಿನ ದನಿ. ಎಡಗೈಗೆ ಮಾತ್ರ ಬರೆದ ಪಿಯಾನೋ, ಸುತ್ತ ಮೂರು ತಂತಿವಾದ್ಯ. ನನಗೆ ಎಲ್ಲವೂ ಹಿಡಿಸಿತು ಎಂದರೆ ಸುಳ್ಳು. ಕೆಲವು ಕೇಳಿ ತಲೆನೋವು ಬಂದಿದೆ. ರಾಗ ಎಲ್ಲಿ ಕೂತಿದೆ ಎಂದು ಹುಡುಕಿ ಹುಡುಕಿ ಸಾಕಾಗಿದೆ. ಆದರೆ ಒಂದು ಸಂಗತಿ ನೋಡಿ ಮೈ ಜುಂ ಎಂದಿತ್ತು. ನಡುವೆ ಪಿಯಾನೋದವನು ಬಾರಿಸುವುದನ್ನು ನಿಲ್ಲಿಸುತ್ತಾನೆ. ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಳ್ಳುತ್ತಾನೆ. ತಂತಿಗಳು ತಮ್ಮ ಪಾಡಿಗೆ ನುಡಿಯುತ್ತವೆ. ಅವನ ಮುಖದಲ್ಲಿ ಗಾಬರಿಯಿಲ್ಲ, ತಪ್ಪು ಮಾಡಿದ ಭಾವವಿಲ್ಲ. "ಹಾಳ್ಯಾಗ ಹಂಗ ಬರದಿರತೈತ್ರಿ, ಇಲ್ಲಿ ಸುಮ್ನ ಕುಂಡ್ರು ಅಂತ" ಎಂದರು ಚಾಚಾ. ಹದಿನೆಂಟು ವರ್ಷದಲ್ಲಿ ಗವಾಯಿಗಳು ಹಾಡುವಾಗ ನಾನು ಒಮ್ಮೆಯೂ ಕೀಲಿಯಿಂದ ಕೈ ತೆಗೆದಿರಲಿಲ್ಲ. ಆ ವಿಡಿಯೋವನ್ನು ಮೂರು ಸಲ ಹಿಂದಕ್ಕೆ ಓಡಿಸಿ ನೋಡಿದೆ.

ಅಂಗಡಿಯ ಗೋಡೆಗೆ ಅವರ ಅಪ್ಪನ ಸಾರಂಗಿ ತೂಗುಬಿದ್ದಿತ್ತು. ಶ್ರಾವಣದಲ್ಲಿ ಒಂದು ದಿನ ನಾನು ಶಾಲೆಯ ಕೀಬೋರ್ಡನ್ನು ಹೆಡ್‌ಮಾಸ್ತರರ ಒಪ್ಪಿಗೆ ಪಡೆದು ತಂದೆ. ಅದರಲ್ಲಿ ಪಿಯಾನೋದ ದನಿ ಇಟ್ಟರೆ ಪಿಯಾನೋ ಎಂದು ನಾವೇ ಒಪ್ಪಿಕೊಂಡೆವು. ಚಾಚಾ ಸಾರಂಗಿ ಇಳಿಸಿ ಯಮನ್ ರಾಗ ಹಿಡಿದರು. ನಾನು ಅರ್ಧ ಮಾತ್ರೆ ತಡೆದು ಅವರ ಬೆನ್ನು ಹತ್ತಿದೆ. ಅವರು ಗ ಎಂದರೆ ನಾನೂ ಗ, ಅವರು ಪ ಎಂದರೆ ನಾನೂ ಪ. ಕಮಾನು ನಿಲ್ಲಿಸಿದರು.

"ಬೆನ್ನ ಹತ್ತಬ್ಯಾಡ್ರಿ. ನಾ ಎಲ್ಲೂ ಓಡಿ ಹೋಗೂದಿಲ್ಲ. ಮತ್ತ ಆ ಎಡಗೈ ಯಾಕ ಕುಂತೈತಿ?"

ಎಡಗೈ ಎಂದರೆ ತಿದಿ ಒತ್ತುವುದು. ಕೀಬೋರ್ಡಿಗೆ ತಿದಿಯೇ ಇಲ್ಲ, ಹಾಗಾಗಿ ಅದು ಬೆಪ್ಪಾಗಿ ತೊಡೆಯ ಮೇಲಿತ್ತು. ಅದಕ್ಕೆ ಕೆಲಸ ಕಲಿಸಲು ಎರಡು ತಿಂಗಳು ಹಿಡಿಯಿತು. ಬೆನ್ನು ಹತ್ತುವ ಚಾಳಿ ಬಿಡಲು ಅದಕ್ಕಿಂತ ಹೆಚ್ಚು. ಚಾಚಾ ಮೇಲೆ ಹೋದರೆ ನಾನು ಕೆಳಗಿರಬೇಕು, ಅವರು ಕೇಳಿದ್ದಕ್ಕೆ ಉತ್ತರ ಕೊಡಬೇಕು, ಇಲ್ಲವೇ ಸುಮ್ಮನಿರಬೇಕು. ಸುಮ್ಮನಿರುವುದು ಎಲ್ಲಕ್ಕಿಂತ ಕಷ್ಟ. ಬೆರಳು ತಾನೇ ಕೀಲಿಗೆ ಹೋಗುತ್ತಿತ್ತು. ನಾನು ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತದ್ದೂ ಉಂಟು. ದೀಪಾವಳಿಯ ಹೊತ್ತಿಗೆ ಒಂದು ಮಧ್ಯಾಹ್ನ ಚಾಚಾನ ಸಾರಂಗಿ ಒಂದೇ ನುಡಿಯುತ್ತಿದೆ, ನನ್ನ ಎರಡೂ ಕೈ ತೊಡೆಯ ಮೇಲಿವೆ, ನನಗೆ ಯಾವ ಆತಂಕವೂ ಇಲ್ಲ ಎಂಬುದು ಗಮನಕ್ಕೆ ಬಂತು. ಆಗಲೇ ಹೊಳೆಯಿತು: ಇದನ್ನು ಗವಾಯಿಗಳ ಪಕ್ಕದಲ್ಲಿ ಕೂತು ಮಾಡಿದರೆ?

ಹೊಳೆದದ್ದನ್ನು ಚಾಚಾನಿಗೆ ಹೇಳಲಿಲ್ಲ. ಅವರಿಗೆ ಅದು ಸಂಗೀತ. ನಾನು ಅದನ್ನು ಮನೆಗೆ ತಂದು ಚೂರಿ ಮಾಡಿಕೊಂಡೆ. ರೊಟ್ಟಿ ತಟ್ಟುವಾಗ, ಹಾಜರಿ ಹಾಕುವಾಗ, ಬಸ್ಸಿಗೆ ಕಾಯುವಾಗ ಅದನ್ನೇ ಮಸೆದೆ. ಬೇಕಾದರೆ ಯಾವ ಊರಿನ ಸಭೆಯಲ್ಲಾದರೂ ಮಾಡಬಹುದಿತ್ತು. ನಾನು ಹಿರೇಕೆರೂರಿಗಾಗಿ ಕಾದೆ. ನನ್ನ ಕಾಲು ತಾಸು ಕೇಳಿದ್ದ ಹಿರಿಯರು ಅಲ್ಲಿ ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ. ಸಭೆಗೆ ಒಂದು ವಾರ ಮುಂಚೆ ಸವಣೂರಿಗೆ ಹೋಗಿ, ಮೇಲಿನ ಸಾದ ಹಳೆಯ ಪಟ್ಟಿ ತೆಗೆಸಿ ಹೊಸದು ಹಾಕಿಸಿದೆ. ಪೇಟಿಯಲ್ಲಿ ಒಂದು ಕೂದಲೆಳೆಯಷ್ಟು ದೋಷ ಇರಬಾರದೆಂಬ ಹಟ. ಚಾಚಾನನ್ನೂ ಸಭೆಗೆ ಕರೆದೆ. ಅವರು ಹೊಸ ಟೋಪಿ ಹಾಕಿಕೊಂಡು ಬಂದು ಕಲ್ಯಾಣ ಮಂಟಪದ ಹಿಂದಿನ ಸಾಲಿನಲ್ಲಿ ಕೂತರು.

ಸಂಜೆ ಐದಕ್ಕೆ ಶುರುವಾಯಿತು. ಗವಾಯಿಗಳು ಯಮನ್ ಎತ್ತಿಕೊಂಡರು. ಅರ್ಧ ತಾಸು ನಾನು ಹಿಂದೆಂದಿಗಿಂತ ಚೆನ್ನಾಗಿ ಸಾಥಿ ಕೊಟ್ಟೆ. ನೀ ಬಂತು. ಅವರ ಎಡಗೈ ಶಾಲಿಗೆ ಹೋಯಿತು. ನಾನು ತಿದಿ ಬಿಟ್ಟೆ, ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡೆ.

ಅವರು ವಾಡಿಕೆಯಂತೆ ಮೈಕಿನಿಂದ ಹಿಂದೆ ಸರಿದಾಗಿತ್ತು, ಕೈ ಮೇಲೆತ್ತಿಯಾಗಿತ್ತು, ಕಣ್ಣು ಮುಚ್ಚಿಯಾಗಿತ್ತು. ಬಾಯಿ ತೆರೆದಿತ್ತು. ಮಂಟಪದಲ್ಲಿ ತಂಬೂರಿ ಮತ್ತು ತಬಲಾ ಮಾತ್ರ. ಕಣ್ಣು ಬಿಟ್ಟು ನನ್ನನ್ನು ನೋಡಿದರು. ಕೆಳಗಿಳಿದು, ಸುತ್ತಿ, ಮತ್ತೆ ನೀಗೆ ಬಂದರು. ಶಾಲನ್ನು ಈ ಸಲ ಎಳೆದೇಬಿಟ್ಟರು. ನಾನು ಮುಂದಿನ ಸಾಲನ್ನು ನೋಡುತ್ತಿದ್ದೆ. ಮೂರನೆಯ ಸಲ ತಾವೇ ಪ್ರಯತ್ನಿಸಿದರು, ದನಿ ಒಡೆಯಿತು. ಹಿರಿಯರು ತಲೆ ತಗ್ಗಿಸಿ ಕೈಗಡಿಯಾರ ನೋಡಿಕೊಂಡರು. ನನ್ನ ಹೊಟ್ಟೆ ತಣ್ಣಗಾಯಿತು. ಅಷ್ಟು ತಂಪು ನನಗೆ ಯಾವ ದೇವರ ಗುಡಿಯಲ್ಲೂ ಸಿಕ್ಕಿರಲಿಲ್ಲ.

ಗವಾಯಿಗಳು ಹಳೆಯ ಹುಲಿ. ಹಾಡು ನಿಲ್ಲಿಸಿ, ನಕ್ಕು, ಮೈಕಿಗೆ ಬಾಯಿಟ್ಟರು. "ಕ್ಷಮಾ ಇರಲಿರಿ. ನಮ್ಮ ತಂಗಿ ಪೇಟಿ ಕೈಕೊಟ್ಟೈತಿ. ಸುರ್ ತಪ್ಪಿ ನನ್ನ ದನೀನೂ ಎಳದ್ತು. ಹ್ವಾದ ವಾರ ಸವಣೂರಾಗ ರಿಪೇರಿಗೆ ಕೊಟ್ಟಿದ್ಲಂತ. ಈಗಿನವ್ರ ಕೈಕೆಲಸಾ ನಿಮಗ ಗೊತ್ತ ಐತೆಲ್ಲ." ಜನ ಬದುಕಿದೆವೆನ್ನುವಂತೆ ನಕ್ಕರು. ಹಿರಿಯರೂ ನಕ್ಕರು. ಹನ್ನೊಂದು ವರ್ಷ ಕೇಳಿದ ಸಾ ಗವಾಯಿಗಳದು, ಇಂದು ಬಾರದಿದ್ದ ಸಾ ಪೇಟಿಯದು. ಅವರ ನ್ಯಾಯ ಅಷ್ಟು ಸಲೀಸು.

ಹಿಂದಿನ ಸಾಲಿನಲ್ಲಿ ಚಾಚಾ ಎದ್ದು ನಿಂತರು. ಅಂಗಿಯ ಜೇಬಿನಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದರು. ತಮ್ಮ ಹೊಸ ಪಟ್ಟಿಯೇ ಕೈಕೊಟ್ಟಿತೆಂದು ಅವರೂ ನಂಬಿದ್ದರು. ಕಸುಬಿನವರು ಮೊದಲು ತಮ್ಮ ಕೈಯನ್ನೇ ಅನುಮಾನಿಸುತ್ತಾರೆ. ಕುರ್ಚಿಗಳ ನಡುವೆ ಅಷ್ಟುದ್ದ ನಡೆದು ಬಂದರು. ಜನ ತಿರುತಿರುಗಿ ನೋಡುತ್ತಿದ್ದರು. ಆಗಲೇ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಸುಮ್ಮನಿದ್ದರೆ ನಾನು ಪಾರು: ಗವಾಯಿಗಳಿಗೆ ಪೆಟ್ಟು ಬಿದ್ದಾಗಿದೆ, ಮಾಡಿದ್ದು ನಾನೆಂದು ಅವರೊಬ್ಬರಿಗೆ ಗೊತ್ತು, ನಾಳೆ ಬೇರೆಯವರು ನನ್ನನ್ನು ಸಾಥಿಗೆ ಕರೆಯುತ್ತಾರೆ. ಚಾಚಾ ಚಪ್ಪಲಿ ಬಿಟ್ಟು ವೇದಿಕೆ ಹತ್ತಿದರು. ಮಂಡಿಯೂರಿ, ಕನ್ನಡಕ ಏರಿಸಿ, "ತಪ್ಪಾತ್ರಿ ಅಕ್ಕೋರ, ಒಂದ್ ನಿಮಿಷ" ಎಂದರು. ಮೊದಲನೆಯ ಸ್ಕ್ರೂ ಬಿಚ್ಚಿ ಅಂಗೈಯಲ್ಲಿ ಇಟ್ಟುಕೊಂಡರು. ಎರಡನೆಯದಕ್ಕೆ ಸ್ಕ್ರೂಡ್ರೈವರ್ ಇಟ್ಟರು.

"ಬಿಚ್ಚಬ್ಯಾಡ್ರಿ ಚಾಚಾ" ಎಂದೆ. ಪೇಟಿಗೆ ಇಟ್ಟ ಮೈಕು ನನ್ನ ಮಾತನ್ನು ಕೊನೆಯ ಸಾಲಿನ ತನಕ ಒಯ್ದಿತು. "ಪೇಟಿ ನೆಟ್ಟಗ ಐತಿ. ನಾನ ಬಾರಸಲಿಲ್ಲ."

"ತಂಗಿ" ಎಂದರು ಗವಾಯಿಗಳು, ಹಲ್ಲುಗಳ ನಡುವೆ.

ತಿದಿ ಒತ್ತಿ ಮೇಲಿನ ಸಾ ಹಿಡಿದೆ. ಹಾಡುವವರಿಲ್ಲ, ತಬಲಾ ಇಲ್ಲ. ಎಷ್ಟು ಹೊತ್ತು ಹಿಡಿಯುತ್ತಿದ್ದೆನೋ ಅಷ್ಟೇ ಹೊತ್ತು, ಅದೇ ಏರಿಕೆಯಲ್ಲಿ, ಕೊನೆಗೆ ಸಣ್ಣಗೆ ಇಳಿಯುವ ಅದೇ ರೀತಿಯಲ್ಲಿ. ಜನರಿಗೆ ಅದು ಗುರುತು ಸಿಕ್ಕಿತು. ಇಷ್ಟು ವರ್ಷ ಚಪ್ಪಾಳೆ ತಟ್ಟಿದವರಿಗೆ ಸಿಗದಿರುತ್ತದೆಯೇ? ಹಿಂದಿನಿಂದ ಒಬ್ಬ ಮುದುಕರು ಅಭ್ಯಾಸಬಲದಿಂದ "ವಾಹ್" ಎಂದು, ಕೂಡಲೇ ಬಾಯಿಗೆ ಟವೆಲ್ ಹಿಡಿದುಕೊಂಡರು. ಮುಂದಿನ ಸಾಲಿನ ಹಿರಿಯರು ಗವಾಯಿಗಳನ್ನು ನೋಡಿದರು, ನನ್ನನ್ನು ನೋಡಿದರು. ಗವಾಯಿಗಳು ಶಾಲು ಮಡಚತೊಡಗಿದರು. ಸಭೆ ಅಲ್ಲಿಗೆ ಮುಗಿಯಿತು.

ಅವರ ಕಾರು ನನ್ನನ್ನು ಬಿಟ್ಟು ಹೋಯಿತು. ನಾನೂ ಚಾಚಾನೂ ಹಾನಗಲ್ ಬಸ್ಸು ಹತ್ತಿದೆವು. ಚಿಕ್ಕೇರೂರು ದಾಟಿದ ಮೇಲೆ ಆ ಸ್ಕ್ರೂ ಇನ್ನೂ ತಮ್ಮ ಕೈಯಲ್ಲೇ ಇದ್ದದ್ದು ನೋಡಿ ನನಗೆ ಕೊಟ್ಟರು.

"ನೀವು ಸುಮ್ನ ಕುಂತಿದ್ದು ಸರಿ ಐತ್ರಿ. ಆದ್ರ ನಾ ಮಂಡಿ ಊರೂತನಕ ಕುಂತ್ರಿ."

ಅದೊಂದಕ್ಕೆ ನನಗೆ ನಾಚಿಕೆಯಿದೆ. ಮಿಕ್ಕ ಯಾವುದಕ್ಕೂ ಇಲ್ಲ. ಮೂರು ಭಾನುವಾರ ಸವಣೂರಿಗೆ ಹೋಗಲು ಮುಖವಿರಲಿಲ್ಲ. ನಾಲ್ಕನೆಯದಕ್ಕೆ ಅವರೇ ಫೋನ್ ಮಾಡಿ, ಸಾರಂಗಿಗೆ ಹೊಸ ತಂತಿ ಹಾಕಿದೇನಿ ಬರ್ರಿ ಎಂದರು. ನನ್ನನ್ನು ಆಮೇಲೆ ಯಾರೂ ಸಾಥಿಗೆ ಕರೆದಿಲ್ಲ. ಯಾವಾಗ ಕೈ ಎತ್ತಿಬಿಡುತ್ತಾಳೋ ಎಂಬ ಹೆದರಿಕೆಯಂತೆ. ಕೇಳಿ ಖುಷಿಯಾಯಿತು.

ಹೋದ ತಿಂಗಳು ಊಟದ ಬಿಡುವಿನಲ್ಲಿ ಗವಾಯಿಗಳ ಫೋನ್ ಬಂತು. ಆರಾಮಿದ್ದೀಯೇನು, ಮಳೆ ಹೆಂಗೈತಿ, ಎಲ್ಲ ಆಯಿತು. ಆಮೇಲೆ ಕೆಮ್ಮಿದರು.

"ಪೇಟಿಗೆ ಹೊಸಬರು ಬಂದಾರವಾ. ಒಳ್ಳೇವ್ರು. ಆದ್ರ ಆ ಮ್ಯಾಲಿನ ಸಾ... ನೀ ಕೊಡ್ತಿದ್ದೆಲ್ಲ, ಅದು ಅವರ ಕೈಯಾಗ ಬರವಲ್ದು. ಒಂದಿನಾ ಬಂದು ತೋರಸಿ ಹೋಗು."

"ಏನಂದ್ರಿ? ಕೇಳಸಲಿಲ್ರಿ."

"ನೀ ಕೊಡ್ತಿದ್ದೆಲ್ಲ, ಆ ಸಾ."

"ಇಲ್ಲಿ ಹುಡುಗರ ಗದ್ದಲ ಭಾಳ ಐತ್ರಿ. ಇನ್ನೊಮ್ಮೆ ಅನ್ರಿ."

ಅಂದರು. ಗದ್ದಲ ಇರಲಿಲ್ಲ, ನಾನು ಹಿತ್ತಲ ಬೇವಿನ ಮರದ ಕೆಳಗೆ ಒಬ್ಬಳೇ ನಿಂತಿದ್ದೆ. ಮೂರು ಸಲ ಕೇಳಿದ ಮೇಲೂ ನನಗೆ ಸಾಲಲಿಲ್ಲ.

"ಬರ್ತೇನ್ರಿ ಗುರುಗಳ. ಹಿರೇಕೆರೂರಿಗೆ ಬರ್ತೇನಿ. ಅದ ಮಂಟಪಕ್ಕ ಅದ ಮಂದೀನ ಕರಸ್ರಿ. ಈಗ ಅಂದ್ರೆಲ್ಲ, ಅದನ್ನ ಮೈಕಿನಾಗ ಅನ್ರಿ. ಅಲ್ಲೇ ಕುಂತು ಆ ಹೊಸಬರಿಗೆ ಕಲಿಸ್ತೇನಿ."

ನಾನು ಎಂದೂ ಕೇಳಿರದ ಸಣ್ಣ ದನಿಯಲ್ಲಿ, "ನನಗ ಎಪ್ಪತ್ತಾತವಾ" ಎಂದರು.

"ಗೊತ್ತೈತ್ರಿ" ಎಂದೆ. ಗಂಟೆ ಹೊಡೆಯಿತು. ಮಕ್ಕಳು ತರಗತಿಗೆ ಓಡಿದರು. ಅವರು ಫೋನ್ ಇಡುವವರೆಗೆ ನಾನು ಇಡಲಿಲ್ಲ.